ಬಾಲೆವಾಡಿಗೆ ಒಯ್ದದ್ದು, ಮನೆಯಲ್ಲಿ ಬಿಟ್ಟದ್ದು

ಗುರುವಾರ ರಾತ್ರಿ ಊಟ ಮುಗಿದ ಮೇಲೆ ದಿವಾನದ ಮೇಲೆ ಹಳೆಯ ಚಾದರ ಹಾಸಿ ನಾಲ್ಕನ್ನೂ ಸಾಲಾಗಿ ಇಟ್ಟೆ. ಮೊದಲನೆಯದು ನನ್ನ ಏರ್ ಪಿಸ್ತೂಲು. ಎರಡನೆಯದು .22 ಪಿಸ್ತೂಲು, ಅದು ಲೈಸೆನ್ಸಿನದು. ಮೂರನೆಯದು ಉದ್ದ ಪೆಟ್ಟಿಗೆ, ಮಗಳಿಗೆಂದು ಕೊಂಡ ಏರ್ ರೈಫಲ್. ನಾಲ್ಕನೆಯದಕ್ಕೆ ಪೆಟ್ಟಿಗೆಯೇ ಇಲ್ಲ. ಅಪ್ಪನ ಹಳೆಯ ಏರ್ ಗನ್. ಅಮ್ಮನ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದೇನೆ.

ಶನಿವಾರ ನಸುಕಿನಲ್ಲಿ ಮುಂಬೈಯ ಮುಲುಂಡಿನಿಂದ ಪುಣೆಗೆ ಹೊರಡಬೇಕಿತ್ತು. ಅಲ್ಲಿ ಬಾಲೆವಾಡಿಯ ಶೂಟಿಂಗ್ ರೇಂಜಿನಲ್ಲಿ ಎರಡು ದಿನದ ಅಭ್ಯಾಸ. ಹೊರಟವರು ನಾವು ನಾಲ್ಕು ಜನ. ನಾನು, ಪಕ್ಕದ ಬಿಲ್ಡಿಂಗಿನ 15 ವರ್ಷದ ಹುಡುಗಿ, ಕಾರು ಓಡಿಸಲು ಅವಳ ಅಮ್ಮ, ಮತ್ತೆ ನಮ್ಮ ಸುಬೇದಾರ್ ಸಾಹೇಬರು. ಹುಡುಗಿಯ ಅಮ್ಮ ಉಡುಪಿ ಕಡೆಯವರು. ಸಾಹೇಬರು ಕೊಡಗಿನವರು, ಸೇನೆಯಿಂದ ನಿವೃತ್ತರಾಗಿ ಮಗನ ಜೊತೆ ಇಲ್ಲೇ ಇದ್ದಾರೆ. ನಾನು ಧಾರವಾಡದವಳು. ನಮ್ಮ ಕಾರಿನಲ್ಲಿ ಮೂರು ಬಗೆಯ ಕನ್ನಡ ಒಟ್ಟಿಗೆ ಕೂತಿರುತ್ತದೆ.

ರೇಂಜಿಗೆ ಹೋಗುವಾಗ ಯಾವುದನ್ನು ಒಯ್ಯಬೇಕು ಅನ್ನೋದು ಹೊರಗಿನವರಿಗೆ ಸಣ್ಣ ಪ್ರಶ್ನೆ. ಎಲ್ಲವನ್ನೂ ಡಿಕ್ಕಿಗೆ ಹಾಕಿಕೊಂಡು ಹೋದರಾಯ್ತು, ಅಲ್ವಾ? ನಾನೂ ಹಾಗೆಯೇ ಅಂದುಕೊಂಡಿದ್ದೆ, ಒಂದು ಸಲ ಹಾಗೆಯೇ ಮಾಡಿದೆ. ಆ ಪ್ರಯಾಣವನ್ನು ಮೊದಲು ಹೇಳುತ್ತೇನೆ. ಈಗ ನಾನು ಪೆಟ್ಟಿಗೆ ತುಂಬುವ ರೀತಿ ಶುರುವಾದದ್ದು ಅಲ್ಲಿಂದ.

ಆಗ ಮಗಳು ಎಂಟನೇ ಕ್ಲಾಸು. ಏರ್ ರೈಫಲ್ ಕಲಿಯುತ್ತಿದ್ದಳು. ಅವಳಿಗೆಂದು ಸೆಕೆಂಡ್ ಹ್ಯಾಂಡ್ ಮ್ಯಾಚ್ ರೈಫಲ್, ಅಂದರೆ ಸ್ಪರ್ಧೆಗೆ ಬಳಸುವ ರೈಫಲ್, ಕೊಂಡಿದ್ದೆವು. ಮಾರಿದವರು ಎಲ್ಲ ಸರಿಯಿದೆ ಅಂದರು, ನಾನು ನಂಬಿದೆ. ಈಗಿನ ಮ್ಯಾಚ್ ಏರ್ ರೈಫಲ್ಲುಗಳಲ್ಲಿ ನಳಿಕೆಯ ಕೆಳಗೆ ಒಂದು ಉದ್ದನೆಯ ಸಿಲಿಂಡರ್ ಇರುತ್ತದೆ. ಅದರಲ್ಲಿ 200 ಬಾರ್ ಒತ್ತಡದ ಗಾಳಿ. ಕಾರಿನ ಟಯರಿನಲ್ಲಿ ಇರುವುದು ಸುಮಾರು ಎರಡು ಬಾರ್ ಅಂತ ನೆನೆದರೆ ಇದು ಎಷ್ಟು ಅಂತ ಗೊತ್ತಾಗುತ್ತದೆ. ಆ ಸಿಲಿಂಡರಿಗೆ ಆಯುಷ್ಯ 10 ವರ್ಷ. ತಯಾರಾದ ತಿಂಗಳು, ವರ್ಷ ಎರಡನ್ನೂ ಅದರ ಮೈಮೇಲೆ ಕೊರೆದಿರುತ್ತಾರೆ. ಆ 10 ವರ್ಷ ದಾಟಿದ ಸಿಲಿಂಡರಿಗೆ ಯಾವ ಒಳ್ಳೆಯ ರೇಂಜಿನಲ್ಲೂ ಗಾಳಿ ತುಂಬುವುದಿಲ್ಲ, ಸ್ಪರ್ಧೆಗೂ ಬಿಡುವುದಿಲ್ಲ.

ನಾನು ಅವತ್ತು ಮೂರು ಬಂದೂಕು ಒಯ್ದಿದ್ದೆ. ಮೂರರ ಪೆಲೆಟ್ಟು (ಏರ್ ಬಂದೂಕಿನ ಪುಟ್ಟ ಗುಂಡು), ತೋಟಾ, ಸ್ಕ್ರೂ ಡ್ರೈವರು, ಕಾಗದಪತ್ರ ಎಲ್ಲ ಜೋಡಿಸುವುದರಲ್ಲೇ ಎರಡು ಸಂಜೆ ಹೋಗಿತ್ತು. ಸಿಲಿಂಡರನ್ನು ಬಿಚ್ಚಿ ನೋಡಿರಲಿಲ್ಲ. ರೇಂಜಿನಲ್ಲಿ ಗಾಳಿ ತುಂಬುವವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಅಂಗೈಯಲ್ಲಿ ಒರೆಸಿ ಮತ್ತೆ ನೋಡಿದರು. ಆಮೇಲೆ ನನ್ನ ಕೈಗೆ ವಾಪಸ್ ಕೊಟ್ಟು "ಇದು ಆಗಲ್ಲ ಮೇಡಂ" ಅಂದರು. ಅವಧಿ ಮುಗಿದು ಹತ್ತಿರಹತ್ತಿರ ಒಂದು ವರ್ಷ ಆಗಿತ್ತು. ಅವರು ಮಾಡಿದ್ದು ನೂರಕ್ಕೆ ನೂರು ಸರಿ. ಮಗಳು ಜಾಕೆಟ್ಟು, ಪ್ಯಾಂಟು, ಶೂ ಎಲ್ಲ ಹಾಕಿಕೊಂಡು ನಿಂತಿದ್ದಳು. ರೈಫಲ್ ಜಾಕೆಟ್ ಎಷ್ಟು ಬಿರುಸು ಅಂದರೆ ಅದನ್ನು ಹಾಕಿಕೊಂಡು ಸರಿಯಾಗಿ ಕೂರಲೂ ಆಗುವುದಿಲ್ಲ. ಅವಳು ಎರಡು ದಿನ ಬೆಂಚಿನ ಮೇಲೆ ಕೂತು ನಾನು ಹೊಡೆಯುವುದನ್ನು ನೋಡಿದಳು. ಅಳಲಿಲ್ಲ. ವಾಪಸ್ ಬರುವಾಗ ಲೋಣಾವಳದ ಹತ್ತಿರ ಮಾತ್ರ, "ಅಮ್ಮಾ, ನೀನು ಒಂದೇ ತಂದಿದ್ರೆ ನಂದನ್ನ ನೋಡ್ತಿದ್ದೆ ಅಲ್ವಾ?" ಅಂತ ಕೇಳಿದಳು.

ಆ ಮಾತು ನನ್ನಲ್ಲಿ ಉಳಿದುಬಿಟ್ಟಿದೆ. ಒಂದೊಂದು ಬಂದೂಕಿಗೂ ಇಷ್ಟು ಗಮನ ಅಂತ ಬೇಕೇ ಬೇಕು. ನನ್ನ ಹತ್ತಿರ ಇರುವ ಗಮನ ಎರಡು ಸಂಜೆಯಷ್ಟೇ. ಅದನ್ನು ಮೂರಕ್ಕೆ ಹಂಚಿದೆ, ಯಾವುದಕ್ಕೂ ಸಾಲಲಿಲ್ಲ.

ಬಾಲೆವಾಡಿಗೇ ಯಾಕೆ ಹೋಗಬೇಕು ಅಂತ ಹೇಳಿಬಿಡುತ್ತೇನೆ. ಮುಂಬೈಯಲ್ಲಿ ವರ್ಳಿಯ ರೇಂಜ್ ಇದೆ. ಆದರೆ ಕೆಲಸದ ದಿನ ಮುಲುಂಡಿನಿಂದ ವರ್ಳಿಗೆ ಹೋಗಿ ಬರುವುದಕ್ಕೇ ಅರ್ಧ ದಿನ ಬೇಕು. ಬಾಲೆವಾಡಿಯ ಕ್ರೀಡಾ ಸಂಕುಲವನ್ನು 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದರು. 2008ರ ಕಾಮನ್‌ವೆಲ್ತ್ ಯುವ ಕ್ರೀಡಾಕೂಟವೂ ಪುಣೆಯಲ್ಲೇ ಆಯಿತು. 2011ರಲ್ಲಿ ರೈಫಲ್ ಶೂಟರ್ ಗಗನ್ ನಾರಂಗ್ ತಮ್ಮ ಅಕಾಡೆಮಿಯನ್ನು ಶುರು ಮಾಡಿದ್ದು ಅಲ್ಲಿಯೇ. ಮರು ವರ್ಷ ಅವರು ಲಂಡನ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದರು. 10 ಮೀಟರ್, 25 ಮೀಟರ್, 50 ಮೀಟರ್ ಮೂರೂ ಅಲ್ಲಿ ಒಂದೇ ಕಡೆ ಇವೆ. ಎಕ್ಸ್‌ಪ್ರೆಸ್‌ವೇ ಮುಗಿದು ಪುಣೆ ಶುರುವಾಗುವ ಕಡೆಯೇ ಇರುವುದರಿಂದ ಊರೊಳಗಿನ ಟ್ರಾಫಿಕ್ಕೂ ಇಲ್ಲ.

ನನಗೆ ಇನ್ನೊಂದು ಕಾರಣವೂ ಇದೆ. ಬಾಲೆವಾಡಿ ಪಕ್ಕದಲ್ಲೇ ಹೋಗುವ ಹೆದ್ದಾರಿ ನಮ್ಮೂರಿನ ದಾರಿ. ಅದೇ ರಸ್ತೆ ಹಿಡಿದರೆ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಆಮೇಲೆ ಧಾರವಾಡ. ರಜೆಗೆ ಊರಿಗೆ ಹೋಗುವಾಗ ಎಷ್ಟೋ ಸಲ ರಾತ್ರಿ ಬಸ್ಸಿನ ಕಿಟಕಿಯಿಂದ ಆ ಸ್ಟೇಡಿಯಂ ನೋಡಿದ್ದೆ. ಒಂದು ದಿನ ಅಲ್ಲೇ ಇಳಿದು ಪಿಸ್ತೂಲು ಹಿಡಿಯುತ್ತೇನೆ ಅಂತ ಆಗ ಅಂದುಕೊಂಡಿರಲಿಲ್ಲ.

ಸರಿ, ದಿವಾನದ ಮೇಲಿನ ನಾಲ್ಕಕ್ಕೆ ಬರೋಣ.

ಏರ್ ಪಿಸ್ತೂಲನ್ನು ಮೊದಲು ಕೈಗೆ ತಗೊಂಡೆ. ಸುಮ್ನೆ ಅಭ್ಯಾಸಬಲ. ಅದರ ಹಿಡಿ ಅಕ್ರೋಟು ಮರದ್ದು. ಹೆಬ್ಬೆರಳಿನ ಬುಡದಲ್ಲಿ ಸ್ವಲ್ಪ ಖಾಲಿ ಉಳಿಯುತ್ತಿತ್ತು ಅಂತ ಅಲ್ಲಿ ಮರದ ಪುಟ್ಟಿ ತುಂಬಿ, ಒಣಗಿಸಿ, ಅರದಿಂದ ಉಜ್ಜಿ, ಮತ್ತೆ ತುಂಬಿ, ಮೂರು ತಿಂಗಳಲ್ಲಿ ನನ್ನ ಕೈಗೆ ತಕ್ಕಂತೆ ಮಾಡಿಕೊಂಡಿದ್ದೇನೆ. ಅಂಗೈ ತಾಗುವ ಕಡೆ ಮರ ಕಪ್ಪಾಗಿದೆ. ಕತ್ತಲಲ್ಲಿ ಹಿಡಿದರೂ ಬೆರಳುಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ. 10 ಮೀಟರ್ ದೂರದ ಹಾಳೆಯಲ್ಲಿ ಹತ್ತರ ವೃತ್ತ, ಅಂದರೆ ಹತ್ತು ಅಂಕ ಸಿಗುವ ನಡುವಿನ ವೃತ್ತ, 11.5 ಮಿಲಿಮೀಟರ್ ಅಗಲ. ನಮ್ಮ ಅಂಗಿಯ ಗುಂಡಿಯಷ್ಟು. ಅದರ ಮುಂದೆ ನಿಂತರೆ ಆಫೀಸು, ಲೋಕಲ್ ಟ್ರೇನು, ಮನೆಯ ಸಾಲ ಎಲ್ಲ ಸ್ವಲ್ಪ ಹೊತ್ತು ದೂರ ಹೋಗುತ್ತವೆ. ನನಗೆ ಈ ಪಿಸ್ತೂಲಿನ ಮೇಲೆ ಬಹಳ ಪ್ರೀತಿ.

ಆದರೂ ಅದನ್ನು ಬಿಟ್ಟು ಹೋಗಲು ತೀರ್ಮಾನ ಮಾಡಿದೆ. ಅದನ್ನು ಒಪ್ಪಿಕೊಳ್ಳಲು ನನಗೆ ಆ ರಾತ್ರಿ ಒಂದು ಗಂಟೆ ಹಿಡಿಯಿತು.

ಲೆಕ್ಕ ಹೀಗಿದೆ. ಏರ್ ಪಿಸ್ತೂಲನ್ನು ನಾನು ದಿನಾ ಮನೆಯಲ್ಲೇ ಅಭ್ಯಾಸ ಮಾಡುತ್ತೇನೆ. ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಹಾಲಿನ ಆ ಕಡೆಯ ಗೋಡೆ ಐದು ಮೀಟರ್. ಅಲ್ಲಿ ಅಳತೆಗೆ ತಕ್ಕಂತೆ ಚಿಕ್ಕದು ಮಾಡಿದ ಕಪ್ಪು ಚುಕ್ಕಿ ಅಂಟಿಸಿದ್ದೇನೆ. ಪೆಲೆಟ್ ಇಲ್ಲದೆ, ಗಾಳಿ ಇಲ್ಲದೆ, ಬರೀ ಟ್ರಿಗರ್ ಒತ್ತುವ ಡ್ರೈ ಫೈರಿಂಗ್. ದಿನಕ್ಕೆ 40 ನಿಮಿಷ. ವಾರಕ್ಕೊಮ್ಮೆ ಹತ್ತಿರದ ಕ್ಲಬ್ಬಿನ 10 ಮೀಟರ್ ಲೇನಿನಲ್ಲಿ ನಿಜವಾದ ಪೆಲೆಟ್. ಅದಕ್ಕೆ ಪುಣೆಗೆ ಹೋಗಬೇಕಾಗಿಲ್ಲ.

.22 ಪಿಸ್ತೂಲಿನದು ಬೇರೆ ಕಥೆ. ಅದನ್ನು ಮನೆಯಲ್ಲಿ ಸುಮ್ನೆ ಖಾಲಿ ಒತ್ತುವಂತಿಲ್ಲ. ತೋಟಾ ಇಲ್ಲದೆ ಒತ್ತಿದರೆ ಫೈರಿಂಗ್ ಪಿನ್ನು ಚೇಂಬರಿನ ಅಂಚಿಗೇ ಬಡಿದು ಹಾಳಾಗಬಹುದು. ಅದಕ್ಕೆಂದು ಪ್ಲಾಸ್ಟಿಕ್ಕಿನ ತುಂಡು ಇಟ್ಟು ಮಾಡಬಹುದು, ಆದರೆ ಸಿಡಿಯುವ ಸದ್ದು, ಮೇಲಕ್ಕೆ ಏಳುವ ನಳಿಕೆ, ಅದನ್ನು ಮತ್ತೆ ಗುರಿಗೆ ಇಳಿಸುವುದು, ಇದೆಲ್ಲ 25 ಮೀಟರ್ ರೇಂಜ್ ಇಲ್ಲದೆ ಬರುವುದಿಲ್ಲ. ನಾವು ಆಡುವ 25 ಮೀಟರ್ ಪಿಸ್ತೂಲಿನಲ್ಲಿ 60 ಹೊಡೆತ. ಮೊದಲ 30 ನಿಧಾನದ್ದು, ಐದು ಹೊಡೆತಕ್ಕೆ ಐದು ನಿಮಿಷ. ಆಮೇಲಿನ 30 ವೇಗದ್ದು. ಕೈ ಕೆಳಗೆ 45 ಡಿಗ್ರಿಯಲ್ಲಿ ಇರಬೇಕು. ಹಸಿರು ದೀಪ ಬಂದ ಕೂಡಲೇ ಎತ್ತಿ, ಗುರಿ ಹಿಡಿದು, ಮೂರು ಸೆಕೆಂಡಿನಲ್ಲಿ ಒಂದೇ ಒಂದು ಹೊಡೆತ. ಮತ್ತೆ ಕೈ ಕೆಳಗೆ. ಏಳು ಸೆಕೆಂಡು ಕಾಯುವುದು. ಹೀಗೆ ಐದು ಸಲ. ಆ ಏಳು ಸೆಕೆಂಡು ನನಗೆ ಇನ್ನೂ ಸಿಕ್ಕಿಲ್ಲ. ಅದರಲ್ಲಿ ಏನು ಯೋಚಿಸಬೇಕು, ಏನು ಯೋಚಿಸಬಾರದು ಅಂತ ಇನ್ನೂ ತಿಳಿದಿಲ್ಲ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕೊಲ್ಹಾಪುರದ ರಾಹಿ ಸರ್ನೋಬತ್ ಇದೇ ಸ್ಪರ್ಧೆಯಲ್ಲಿ ಚಿನ್ನ ಗೆದ್ದಾಗ ನಾನು ಅವರ ಗುರಿಗಿಂತ ಜಾಸ್ತಿ ಅವರ ಕೆಳಗಿಳಿದ ಕೈಯನ್ನೇ ನೋಡುತ್ತಿದ್ದೆ. ಅಷ್ಟು ಸಾವಧಾನ ಇತ್ತು ಆ ಕೈಯಲ್ಲಿ.

ಹಾಗಾದರೆ ಎರಡನ್ನೂ ಒಯ್ಯಬಹುದಲ್ಲ? ಬೆಳಿಗ್ಗೆ .22, ಮಧ್ಯಾಹ್ನ ಏರ್ ಪಿಸ್ತೂಲು. ಇಲ್ಲಿಯೇ ಬೆರಳಿನ ವಿಷಯ ಬರುತ್ತದೆ. ನಿಯಮದ ಪ್ರಕಾರ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. 25 ಮೀಟರ್ ಪಿಸ್ತೂಲಿನದು ಕನಿಷ್ಠ 1000 ಗ್ರಾಂ. ಸರಿಯಾಗಿ ಎರಡರಷ್ಟು. ಬೆಳಿಗ್ಗೆ ನೂರು ಸಲ ಒಂದು ಕಿಲೋ ಒತ್ತಿದ ಬೆರಳು ಮಧ್ಯಾಹ್ನ ಅರ್ಧ ಕಿಲೋದ ಟ್ರಿಗರ್ ಮುಟ್ಟಿದರೆ ನಾನು ಅಂದುಕೊಳ್ಳುವ ಮೊದಲೇ ಪೆಲೆಟ್ ಹೋಗಿರುತ್ತದೆ. ಮರುದಿನ ಬೆಳಿಗ್ಗೆ ಉಲ್ಟಾ. ಒತ್ತಿದರೂ ಹೋಗುತ್ತಿಲ್ಲ ಅನಿಸಿ ಕೊನೆಗೆ ಬೆರಳು ಜಗ್ಗುತ್ತದೆ, ಗುಂಡು ಏಳರ ವೃತ್ತಕ್ಕೆ, ಕೆಳಗೆ ಎಡಕ್ಕೆ. ದಿನಾ ಆರು ತಾಸು ಅಭ್ಯಾಸ ಮಾಡುವ ದೊಡ್ಡ ಆಟಗಾರರು ಎರಡನ್ನೂ ಸಲೀಸಾಗಿ ಆಡುತ್ತಾರೆ. ಮನು ಭಾಕರ್ ಪ್ಯಾರಿಸಿನಲ್ಲಿ ಏರ್ ಪಿಸ್ತೂಲಿನಲ್ಲಿ ಎರಡು ಕಂಚು ಗೆದ್ದು, 25 ಮೀಟರಿನಲ್ಲೂ ನಾಲ್ಕನೆಯವರಾದರು. ಬ್ಯಾಂಕಿನ ಕೆಲಸ ಮುಗಿಸಿ ಬಂದು 40 ನಿಮಿಷ ನಿಲ್ಲುವ ನನ್ನ ಬೆರಳಿಗೆ ಎರಡು ದಿನದಲ್ಲಿ ಕಲಿಸಲು ಆಗುವುದು ಒಂದನ್ನೇ.

ಮನು ಅವರ ಹೆಸರು ಬಂದಾಗ ಸುಬೇದಾರ್ ಸಾಹೇಬರು ಟೋಕಿಯೋ ಒಲಿಂಪಿಕ್ಸ್ ನೆನಪಿಸಿದರು. 2021ರಲ್ಲಿ ಅರ್ಹತಾ ಸುತ್ತಿನ ಮಧ್ಯೆ ಮನು ಅವರ ಪಿಸ್ತೂಲು ಕೆಟ್ಟಿತು. ಸರಿಪಡಿಸಿಕೊಂಡು ಬರುವಷ್ಟರಲ್ಲಿ ಸಮಯ ಕಳೆದುಹೋಗಿತ್ತು. 575 ಅಂಕ, 12ನೇ ಸ್ಥಾನ, ಫೈನಲ್ ತಪ್ಪಿತು. "ಹಾಗಿದ್ದಾಗ ನೀವು ಸ್ಪೇರ್ ಇಲ್ಲದೆ ಹೋಗ್ತೀರಾ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಒಲಿಂಪಿಕ್ಸಿಗೆ ಹೋಗುವವರಿಗೆ ಸ್ಪೇರ್ ಪಿಸ್ತೂಲು ಬೇಕೇ ಬೇಕು. ಎರಡು ದಿನದ ಅಭ್ಯಾಸಕ್ಕೆ ಬೇಕಾದದ್ದು ಸ್ಪೇರ್ ಬಿಡಿಭಾಗ. ಒಂದು ಹೆಚ್ಚಿನ ಮ್ಯಾಗಜಿನ್, ಫೈರಿಂಗ್ ಪಿನ್, ಸ್ಪ್ರಿಂಗು, ಹಿಂದಿನ ಸೈಟಿನ ಸ್ಕ್ರೂ, ಅಲೆನ್ ಕೀಗಳ ಗೊಂಚಲು. ಇವೆಲ್ಲ ಒಂದು ಊಟದ ಡಬ್ಬಿಯಲ್ಲಿ ಹಿಡಿಯುತ್ತವೆ. ಇನ್ನೊಂದು ಪಿಸ್ತೂಲು ಡಬ್ಬಿಯಲ್ಲಿ ಹಿಡಿಯುವುದಿಲ್ಲ. ಅದನ್ನು ಎರಡು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು.

ಈ ಕಾಯುವ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಮ್ಯಾಚ್ ಏರ್ ಪಿಸ್ತೂಲು, ಏರ್ ರೈಫಲ್ಲುಗಳ ಬೋರು, ಅಂದರೆ ನಳಿಕೆಯ ಒಳಗಿನ ಅಗಲ, .177 ಇಂಚು, 4.5 ಮಿಲಿಮೀಟರ್. ಶಕ್ತಿ 20 ಜೂಲ್ ಒಳಗೇ ಇರುತ್ತದೆ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಅಂಥವಕ್ಕೆ ಲೈಸೆನ್ಸ್ ಬೇಡ. .22ಗೆ ಬೇಕು. ಲೈಸೆನ್ಸಿನಲ್ಲಿ ಬಂದೂಕಿನ ನಂಬರು, ಎಷ್ಟು ತೋಟಾ ಇಟ್ಟುಕೊಳ್ಳಬಹುದು, ಎಲ್ಲಿಯವರೆಗೆ ಒಯ್ಯಬಹುದು ಎಲ್ಲ ಬರೆದಿರುತ್ತದೆ. ನನ್ನದು ಮಹಾರಾಷ್ಟ್ರಕ್ಕೆ ಮಾತ್ರ. ಬಾಲೆವಾಡಿಯ ಆ ಹೆದ್ದಾರಿಯಲ್ಲಿ ನನ್ನ .22 ಕಾಗಲ್‌ವರೆಗೆ ಬರಬಹುದು. ಕರ್ನಾಟಕದ ಗಡಿಯ ಕೊಗನೊಳ್ಳಿ ಟೋಲ್ ದಾಟುವಂತಿಲ್ಲ. ಏರ್ ಪಿಸ್ತೂಲು ಧಾರವಾಡದ ಮನೆಯವರೆಗೂ ಬರಬಹುದು. ಪ್ರತಿ ಸಲ ಪೆಟ್ಟಿಗೆ ಮುಚ್ಚುವಾಗ ಈ ಗಡಿ ನನಗೆ ನೆನಪಾಗುತ್ತದೆ.

ದಾರಿಯಲ್ಲಿ ನಿಯಮ ಒಂದೇ. ಪಿಸ್ತೂಲು ಖಾಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ. ತೋಟಾ ಬೇರೆ ಪೆಟ್ಟಿಗೆಯಲ್ಲಿ, ಅದಕ್ಕೂ ಬೀಗ. ಮೂಲ ಲೈಸೆನ್ಸ್ ನನ್ನ ಪರ್ಸಿನಲ್ಲಿ. ಖಾಲಾಪುರದ ಫುಡ್ ಮಾಲಿನಲ್ಲಿ ಎಲ್ಲರೂ ವಡಾಪಾವ್ ತಿನ್ನಲು ಇಳಿಯುತ್ತಾರೆ. ನಾನು ಇಳಿಯುವುದಿಲ್ಲ. ಅವರು ಬಂದ ಮೇಲೂ ಇಳಿಯುವುದಿಲ್ಲ, ಯಾಕೆಂದರೆ ಲೈಸೆನ್ಸ್ ನನ್ನದು, ಜವಾಬ್ದಾರಿಯೂ ನನ್ನದೇ. ಹುಡುಗಿ ಚಹಾ ತಂದು ಕಿಟಕಿಯಲ್ಲಿ ಕೊಟ್ಟಳು. ಒಂದು ಪೆಟ್ಟಿಗೆ ಇದ್ದರೆ ಕಾಲ ಹತ್ತಿರ ಇಟ್ಟುಕೊಂಡು ಕೂರಬಹುದು. ಮೂರು ಇದ್ದರೆ ಒಂದಾದರೂ ಡಿಕ್ಕಿಗೆ ಹೋಗುತ್ತದೆ. ಡಿಕ್ಕಿಯಲ್ಲಿ ಇದ್ದದ್ದು ನನ್ನ ಕಣ್ಣ ಮುಂದೆ ಇಲ್ಲ ಅಂತಲೇ ಅರ್ಥ.

ಬಿಟ್ಟು ಹೋಗುವುದಕ್ಕೂ ಅಷ್ಟೇ ಗಮನ ಬೇಕು. ಮನೆಯಲ್ಲಿ ಉಳಿದ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ ಅಂದಮಾತ್ರಕ್ಕೆ ಅದು ಆಟಿಕೆ ಅಲ್ಲ. ಕಬ್ಬಿಣದ ಕಪಾಟಿನಲ್ಲಿ, ಸಿಲಿಂಡರ್ ಬಿಚ್ಚಿ, ಬೀಗ ಹಾಕಿ, ಬೀಗದ ಕೈ ನನ್ನ ಕೊರಳಲ್ಲಿ.

ರೈಫಲ್ ಬಗ್ಗೆ ಹೆಚ್ಚು ಯೋಚನೆ ಮಾಡಲಿಲ್ಲ. ಅದು ಬರಬೇಕಾದದ್ದೇ. ಮಗಳು ಈಗ ಬೆಂಗಳೂರಿನಲ್ಲಿ ಓದುತ್ತಿದ್ದಾಳೆ, ರೈಫಲ್ಲನ್ನು ಪಕ್ಕದ ಬಿಲ್ಡಿಂಗಿನ ಹುಡುಗಿಗೆ ಕೊಟ್ಟು ಕಲಿಸು ಅಂತ ಅವಳೇ ಹೇಳಿದಳು. ಹೊಸ ಸಿಲಿಂಡರ್ ಹಾಕಿಸಿ ಬಹಳ ದಿನ ಆಯಿತು. ಆದರೂ ಗುರುವಾರ ರಾತ್ರಿ ಹುಡುಗಿಯನ್ನು ಕರೆಸಿ ಅವಳ ಕೈಯಲ್ಲೇ ಅದನ್ನು ಬಿಚ್ಚಿಸಿದೆ. ಮೊಬೈಲಿನ ಟಾರ್ಚ್ ಹಿಡಿದು ಕೊರೆದ ತಾರೀಖು ಓದಿಸಿದೆ. ಅವಳು ತಿಂಗಳು ವರ್ಷ ಎರಡನ್ನೂ ಗಟ್ಟಿಯಾಗಿ ಓದಿ, ಬೆರಳಲ್ಲಿ ಎಣಿಸಿ, "ಆಂಟಿ, ಇನ್ನೂ ಆರು ವರ್ಷ ಇದೆ" ಅಂದಳು. ನನ್ನ ಹೊಟ್ಟೆ ತಣ್ಣಗಾಯಿತು.

ಅವಳು ಇಲ್ಲಿಯವರೆಗೆ ಹೊಡೆದಿದ್ದೆಲ್ಲ ಕಾಗದದ ಹಾಳೆಯ ಮೇಲೆ. 10 ಮೀಟರ್ ರೈಫಲ್ಲಿನಲ್ಲಿ ಹತ್ತು ಅಂದರೆ ಬರೀ ಅರ್ಧ ಮಿಲಿಮೀಟರಿನ ಚುಕ್ಕಿ. ಎಲೆಕ್ಟ್ರಾನಿಕ್ ಟಾರ್ಗೆಟ್ಟಿನಲ್ಲಿ ಅದೇ ಹತ್ತು 10.0 ಇಂದ 10.9 ವರೆಗೆ ಒಡೆದು ಕಾಣುತ್ತದೆ. ಈಗಿನ ಸ್ಪರ್ಧೆಯಲ್ಲಿ ಎಣಿಸುವುದು ಆ ದಶಾಂಶವನ್ನೇ, 60 ಹೊಡೆತಕ್ಕೆ ಹೆಚ್ಚೆಂದರೆ 654. ಕಾಗದದ ಮೇಲೆ ಹತ್ತು ಕಂಡು ಖುಷಿಪಟ್ಟ ಮಗುವಿಗೆ ಅದು 10.1 ಅಂತ ಮೊದಲ ಸಲ ಗೊತ್ತಾಗುವ ಕ್ಷಣ ಇದೆಯಲ್ಲ, ಅದಕ್ಕೆ ಬಾಲೆವಾಡಿಗೆ ಕರೆದುಕೊಂಡು ಹೋಗಬೇಕು. ರೈಫಲ್ಲಿನ ಜೊತೆ ಅದರ ಸಂಸಾರವೂ ಬರುತ್ತದೆ: ಜಾಕೆಟ್ಟು, ಪ್ಯಾಂಟು, ಚಪ್ಪಟೆ ಅಡಿಯ ಶೂ, ಕೈಗವಸು, ಸ್ಟ್ಯಾಂಡು. ಕಾರಿನ ಅರ್ಧ ಜಾಗ ಅದಕ್ಕೇ. ನಾನು ಏರ್ ಪಿಸ್ತೂಲು ಬಿಟ್ಟದ್ದಕ್ಕೆ ಇದೂ ಒಂದು ಕಾರಣ. ಈ ಸಲ ನನ್ನ ಗಮನದಲ್ಲಿ ಅರ್ಧ ಅವಳ ಪಾಲು.

ಉಳಿದದ್ದು ಅಪ್ಪನ ಏರ್ ಗನ್.

ಇಳಕಲ್ ಬಟ್ಟೆ ಬಿಚ್ಚಿದರೆ ಹಳೆಯ ಎಣ್ಣೆಯ ವಾಸನೆ. ಹಿಂದಿನ ಮರದ ಭಾಗದಲ್ಲಿ ಒಂದು ಚಕ್ಕೆ ಎದ್ದಿದೆ. ನಾನು ಏಳು ವರ್ಷದವಳಿದ್ದಾಗ ಹಿತ್ತಲ ಕಲ್ಲಿನ ಮೇಲೆ ಬೀಳಿಸಿದ್ದು. ನಳಿಕೆಯನ್ನು ಕೆಳಗೆ ಮುರಿದು ಸ್ಪ್ರಿಂಗ್ ಎಳೆಯುವ ಬಗೆಯದು. ಧಾರವಾಡದ ಮಳಮಡ್ಡಿಯ ಮನೆಯಲ್ಲಿ, ಹಿತ್ತಲ ಗೋಡೆಗೆ ಮಣ್ಣಿನ ಗುಡ್ಡೆ ಹಾಕಿ, ಅದರ ಮುಂದೆ ಕಡ್ಡಿಪೆಟ್ಟಿಗೆ ನಿಲ್ಲಿಸಿ ಅಪ್ಪ ನನಗೆ ಹೊಡೆಯಲು ಕಲಿಸಿದ್ದರು. ಅಪ್ಪ ಒಂದೇ ಮಾತು ಹೇಳುತ್ತಿದ್ದರು: "ಉಸರು ಬಿಟ್ಟ ಮ್ಯಾಲ ಒತ್ತವಾ. ಎಳೀಬ್ಯಾಡ, ಒತ್ತು." ಆಮೇಲೆ ನಾನು ಕೇಳಿದ ಎಲ್ಲ ಕೋಚ್‌ಗಳೂ ಟ್ರಿಗರ್ ಬಗ್ಗೆ ಹೇಳಿದ್ದು ಇದನ್ನೇ.

ಅಪ್ಪನ ವರ್ಷದ ತಿಥಿ ಹತ್ತಿರ ಬರುತ್ತಿತ್ತು. ಅವರ ಬಂದೂಕನ್ನು ಒಂದು ನಿಜವಾದ ರೇಂಜಿನಲ್ಲಿ, ನಿಜವಾದ ಗುರಿಯ ಮುಂದೆ ಹಿಡಿಯಬೇಕು ಅಂತ ಬಹಳ ಆಸೆ ಇತ್ತು. ಅದನ್ನು ಒಯ್ಯಬೇಕು ಅಂತಲೇ ಬಟ್ಟೆ ಬಿಚ್ಚಿದ್ದು. ಮುರಿದು ನೋಡಿದೆ. ಸ್ಪ್ರಿಂಗ್ ಎಳೆಯುವಾಗ ಒಳಗೆ ಕರಕರ ಅಂದಿತು. ಈ ಬಗೆಯ ಹಳೆಯ ಬಂದೂಕುಗಳಲ್ಲಿ ಪಿಸ್ಟನ್ನಿನ ತುದಿಗೆ ಚರ್ಮದ ವಾಷರ್ ಇರುತ್ತದೆ. ಅದಕ್ಕೆ ಆಗಾಗ ಎಣ್ಣೆ ಬೇಕು. ಇಲ್ಲದಿದ್ದರೆ ಒಣಗಿ ಬಿರಿಯುತ್ತದೆ, ಗಾಳಿ ಸೋರುತ್ತದೆ, ಪಿಸ್ಟನ್ ಹೋಗಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ನಳಿಕೆಯ ಕೀಲು ಕೂಡ ಸ್ವಲ್ಪ ಸಡಿಲ ಇತ್ತು.

ಎಷ್ಟು ಪ್ರೀತಿಯ ವಸ್ತುವಾದರೂ ಪರೀಕ್ಷೆ ಮಾಡಿಸದ ಬಂದೂಕನ್ನು ಇನ್ನೊಬ್ಬರ ಮಗು ನಿಂತಿರುವ ಲೇನಿನ ಪಕ್ಕಕ್ಕೆ ಒಯ್ಯಬಾರದು. ಇದರಲ್ಲಿ ನನಗೆ ಎರಡನೇ ಯೋಚನೆ ಇಲ್ಲ. ಮತ್ತೆ ಬಟ್ಟೆಯಲ್ಲಿ ಸುತ್ತಿದೆ. ಸುತ್ತುವಾಗ ಕಣ್ಣು ತುಂಬಿದ್ದು ನಿಜ.

ಕೊನೆಗೆ ಎರಡು ಪೆಟ್ಟಿಗೆ ಹೊರಟವು. .22 ಪಿಸ್ತೂಲು ಮತ್ತು ಹುಡುಗಿಯ ರೈಫಲ್. ತೋಟಾ ನಾಲ್ಕು ಡಬ್ಬಿ, ಡಬ್ಬಿಗೆ 50ರಂತೆ 200. ಪೆಲೆಟ್ ಒಂದೇ ಬ್ರ್ಯಾಂಡು, ಒಂದೇ ಅಳತೆ. ಒಮ್ಮೆ ಒಬ್ಬ ಅಂಗಡಿಯವರು 4.50ರ ಬದಲು 4.49ರ ಡಬ್ಬಿ ಕೊಟ್ಟು ಕಳಿಸಿದ್ದರು, ನಾನು ರೇಂಜಿಗೆ ಹೋದ ಮೇಲೆ ನೋಡಿದ್ದೆ. ಆಮೇಲಿಂದ ಡಬ್ಬಿಯ ಹಿಂದಿನ ಚೀಟಿಯನ್ನೂ ಓದುತ್ತೇನೆ.

ಪನ್ವೇಲ್ ದಾಟುವಾಗ ಹುಡುಗಿಗೆ ರೈಫಲ್ ಶೂಟರ್ ಸುಮಾ ಶಿರೂರ್ ಬಗ್ಗೆ ಹೇಳಿದೆ. ಹುಟ್ಟಿದ್ದು ನಮ್ಮ ಚಿಕ್ಕಬಳ್ಳಾಪುರದಲ್ಲಿ, ಅಕಾಡೆಮಿ ನಡೆಸುವುದು ಇಲ್ಲೇ ಪನ್ವೇಲಿನಲ್ಲಿ. 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ಏರ್ ರೈಫಲ್ ಅರ್ಹತಾ ಸುತ್ತಿನಲ್ಲಿ 400ಕ್ಕೆ 400. ಆಗ ಹೆಣ್ಣುಮಕ್ಕಳಿಗೆ 40 ಹೊಡೆತ. "ನಲವತ್ತೂ ಹತ್ತಾ?" ಅಂತ ಹುಡುಗಿ ಎರಡು ಸಲ ಕೇಳಿದಳು. ಆಮೇಲೆ ಘಾಟ್ ಮುಗಿಯುವವರೆಗೂ ಸುಮ್ಮನೆ ಕೂತಿದ್ದಳು. ನಾನು ಸ್ವಪ್ನಿಲ್ ಕುಸಾಳೆ ಕಥೆ ಹೇಳಬೇಕು ಅಂತಿದ್ದೆ, ಆಗ ಮಧ್ಯ ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದವರು, ಪ್ಯಾರಿಸಿನಲ್ಲಿ 50 ಮೀಟರ್ ರೈಫಲ್ ಕಂಚು. ಆದರೆ ಅವಳ ಮುಖ ನೋಡಿ ಬಿಟ್ಟೆ. ಆ ನಲವತ್ತು ಹತ್ತು ಅವಳೊಳಗೆ ಇಳಿಯುತ್ತಿತ್ತು.

ರೇಂಜಿನಲ್ಲಿ ಪೆಟ್ಟಿಗೆ ತೆರೆದ ಕೂಡಲೇ ಮಾಡುವ ಮೊದಲ ಕೆಲಸ ಸೇಫ್ಟಿ ಫ್ಲ್ಯಾಗ್ ನೋಡುವುದು. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ದಾರ. ನಳಿಕೆಯ ಉದ್ದಕ್ಕೂ ಹಾಯ್ದು ತುದಿಯಿಂದ ಹೊರಗೆ ಕಾಣುತ್ತಿರಬೇಕು. ಅದು ಇದ್ದರೆ ಒಳಗೆ ಪೆಲೆಟ್ ಇಲ್ಲ, ತೋಟಾ ಇಲ್ಲ ಅಂತ ದೂರದಲ್ಲಿ ನಿಂತವರಿಗೂ ಗೊತ್ತಾಗುತ್ತದೆ. ಹುಡುಗಿ ರೈಫಲ್ಲನ್ನು ಸ್ಟ್ಯಾಂಡಿನ ಮೇಲೆ ಇಟ್ಟಳು. ಕಿತ್ತಳೆ ದಾರ ತುದಿಯಿಂದ ಬಾಗಿ ನಿಂತಿತ್ತು.

ಸುಬೇದಾರ್ ಸಾಹೇಬರು ಅದನ್ನೇ ನೋಡುತ್ತಾ ನಿಂತರು. "ತೋಕ್ ಪೂ" ಅಂದರು.

ಅದು ಸೆಪ್ಟೆಂಬರ್ ಮೊದಲ ವಾರ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬ. ನಾಟಿ ಮುಗಿದ ಮೇಲೆ ನೇಗಿಲು, ಕತ್ತಿ, ಕೋವಿ ಎಲ್ಲ ತೊಳೆದು ಪೂಜೆಗೆ ಇಡುತ್ತಾರೆ. ಕೋವಿಯ ನಳಿಕೆಗೆ ತೋಕ್ ಪೂ ಸಿಕ್ಕಿಸುತ್ತಾರೆ. ಕೊಡವ ಭಾಷೆಯಲ್ಲಿ ತೋಕ್ ಅಂದರೆ ಕೋವಿ, ಪೂ ಅಂದರೆ ಹೂ. ನಮ್ಮ ಕಡೆ ಗೌರಿ ಹೂ ಅನ್ನುತ್ತೇವಲ್ಲ, ಬೆಂಕಿಯ ನಾಲಿಗೆಯ ಹಾಗೆ ಕೆಂಪು ಹಳದಿ ಎಸಳು, ಅದೇ. ಕೊಡವರಿಗೆ ಆರ್ಮ್ಸ್ ಆ್ಯಕ್ಟಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿದರು. ಹಬ್ಬದ ಸಂಜೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ. ಪೂಜೆ ಮುಗಿಯುವವರೆಗೆ, ಹೂ ನಳಿಕೆಯಲ್ಲಿ ಇರುವವರೆಗೆ ಯಾರೂ ಕೋವಿ ಮುಟ್ಟುವುದಿಲ್ಲ ಅಂತ ಸಾಹೇಬರು ಹೇಳಿದರು. ಅವರ ಮನೆಯಲ್ಲಿ ಆ ಹೂ ತೆಗೆಯುವುದು ಅಜ್ಜನ ಕೆಲಸವಂತೆ.

ಹುಡುಗಿ ಕೇಳುತ್ತಾ ನಿಂತಿದ್ದಳು. ಆಮೇಲೆ ರೇಂಜ್ ಆಫೀಸರ್ ಲೇನಿಗೆ ಕರೆದರು. ಅವಳು ದಾರ ತೆಗೆಯುವ ಮುಂಚೆ ಸಾಹೇಬರ ಮುಖ ನೋಡಿದಳು. ಅವರು ತಲೆಯಾಡಿಸಿದರು.

ಮೊದಲ ಹೊಡೆತ 8.7. ಎರಡನೆಯದು 9.4. ಏಳನೆಯದೋ ಎಂಟನೆಯದೋ 10.2 ಬಂತು. ಅವಳು ಪರದೆಯನ್ನೇ ನೋಡುತ್ತಾ ನಿಂತಳು, ರೈಫಲ್ ಇಳಿಸುವುದನ್ನೇ ಮರೆತಿದ್ದಳು. "ಆಂಟಿ, ಇದು ಪೇಪರಲ್ಲಿ ಹತ್ತು, ಅಲ್ವಾ?" ಅಂದಳು. ಹೌದು ಅಂದೆ. "ಇನ್ನೂ ಏಳು ಪಾಯಿಂಟ್ ಬಾಕಿ ಇದೆ" ಅಂದಳು.

ನನ್ನ ಎರಡು ದಿನ 25 ಮೀಟರ್ ಲೇನಿನಲ್ಲಿ ಕಳೆದವು. 200 ತೋಟಾದಲ್ಲಿ 190 ಮುಗಿದವು. ಸಾಹೇಬರು ಹಿಂದೆ ನಿಂತು ನನ್ನ ಕೈ ಮಾತ್ರ ನೋಡಿದರು. ಎರಡನೇ ದಿನ ಮಧ್ಯಾಹ್ನ ಅವರಿಗೆ ಒಂದು ವಿಷಯ ಕಂಡಿತು. ಆ ಏಳು ಸೆಕೆಂಡಿನಲ್ಲಿ ನಾನು ಹಿಂದಿನ ಹೊಡೆತ ಎಲ್ಲಿ ಬಿತ್ತು ಅಂತ ಪರದೆಯ ಕಡೆ ಕಣ್ಣು ಹೊರಳಿಸುತ್ತಿದ್ದೆ. ನನಗೇ ಗೊತ್ತಿರಲಿಲ್ಲ. ಪಕ್ಕದ ಪರದೆಯ ಮೇಲೆ ಟವೆಲ್ ಹೊದಿಸಿದರು. ಕೊನೆಯ ನಾಲ್ಕು ಸರಣಿ ಅದು ಕಾಣದೆ ಹೊಡೆದೆ. ಏರ್ ಪಿಸ್ತೂಲು ಕೂಡ ಒಯ್ದಿದ್ದರೆ ಎರಡನೇ ಮಧ್ಯಾಹ್ನ ನಾನು 10 ಮೀಟರ್ ಹಾಲಿನಲ್ಲಿ ಇರುತ್ತಿದ್ದೆ.

ಭಾನುವಾರ ರಾತ್ರಿ ಮನೆ ಮುಟ್ಟಿದಾಗ ಹತ್ತೂವರೆ. ಎಷ್ಟೇ ದಣಿದಿದ್ದರೂ ಪೆಟ್ಟಿಗೆ ತೆರೆದು ಪಿಸ್ತೂಲು ಹೊರಗೆ ಇಡಲೇಬೇಕು. ಪುಣೆಯ ತಂಪಿನಿಂದ, ಕಾರಿನ ಎಸಿಯಿಂದ ಮುಂಬೈಯ ಹಸಿ ಗಾಳಿಗೆ ಬಂದರೆ ತಣ್ಣನೆಯ ಕಬ್ಬಿಣ ಬೆವರುತ್ತದೆ. ಫೋಮು ಆ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಒಂದು ರಾತ್ರಿ ಹಾಗೆ ಬಿಟ್ಟರೆ ಸಾಕು, ಬೆಳಿಗ್ಗೆ ಸೈಟಿನ ಅಂಚಿನಲ್ಲಿ ಕಂದು ಚುಕ್ಕೆ. ಒರೆಸಿ, ಎಣ್ಣೆಯ ಬಟ್ಟೆ ಸವರಿ, ಉಳಿದ ಹತ್ತು ತೋಟಾ ಎಣಿಸಿ ಬರೆದು, ಕಪಾಟಿನಲ್ಲಿಟ್ಟೆ. ಏರ್ ಪಿಸ್ತೂಲು ಇದ್ದಲ್ಲೇ ಇತ್ತು.

ಇಳಕಲ್ ಬಟ್ಟೆಯ ಗಂಟನ್ನು ಮಾತ್ರ ಕಪಾಟಿನಿಂದ ಹೊರಗೆ ತೆಗೆದೆ. ಸೋಮವಾರ ಸಂಜೆ ಅದನ್ನು ಏರ್ ಗನ್ ರಿಪೇರಿ ಮಾಡುವ ಒಬ್ಬ ಹಿರಿಯರ ಹತ್ತಿರ ಒಯ್ದೆ. ಬಿಚ್ಚಿ ನೋಡಿ, ವಾಷರ್ ಪೂರ್ತಿ ಬಿರಿದಿದೆ, ಸ್ಪ್ರಿಂಗ್ ಬದಲಿಸಬೇಕು, ನಳಿಕೆಗೆ ಏನೂ ಆಗಿಲ್ಲ ಅಂದರು. ಮೂರು ವಾರ ಕೇಳಿದ್ದಾರೆ. ಅದಕ್ಕೆ ಲೈಸೆನ್ಸ್ ಬೇಡ, ಕೊಗನೊಳ್ಳಿ ದಾಟಬಹುದು. ಅಪ್ಪನ ತಿಥಿಗೆ ಧಾರವಾಡಕ್ಕೆ ಹೋಗುವಾಗ ಅದೊಂದನ್ನೇ ಒಯ್ಯುತ್ತೇನೆ. ಹಿತ್ತಲ ಗೋಡೆಯ ಮಣ್ಣಿನ ಗುಡ್ಡೆಯನ್ನು ಮತ್ತೆ ಏರಿಸಿ ಇಡು ಅಂತ ತಮ್ಮನಿಗೆ ಫೋನ್ ಮಾಡಿ ಹೇಳಿದ್ದೇನೆ.